ಯುದ್ಧಗಾಯಾಳುಗಳ ಮುಖ ಪುನಾರಚನೆ

ಯುದ್ಧದಲ್ಲಿ ಮೂಗು, ದವಡೆ, ಕೆನ್ನೆ, ತುಟಿ, ಕಣ್ಣುರೆಪ್ಪೆ ಕಳೆದುಕೊಂಡವರಿಗೆ ಅವರದೇ ಮೈಯ ಚರ್ಮ ಮತ್ತು ಮೂಳೆಯಿಂದ ಮುಖವನ್ನು ಮರಳಿ ಕಟ್ಟಿಕೊಡುವ ಶಸ್ತ್ರಚಿಕಿತ್ಸೆ. ಇಂದಿನ ಪ್ಲಾಸ್ಟಿಕ್ ಸರ್ಜರಿ ಬಹುಮಟ್ಟಿಗೆ ಸೇನಾ ಆಸ್ಪತ್ರೆಗಳಲ್ಲೇ ಬೆಳೆದದ್ದು. ಮೊದಲಿನಿಂದಲೂ ಇಲ್ಲಿ ವೈದ್ಯರನ್ನು ಕಾಡಿದ ಪ್ರಶ್ನೆ ಒಂದೇ: ಎಬ್ಬಿಸಿ ತಂದ ಚರ್ಮ ಹೊಸ ಜಾಗದಲ್ಲಿ ಕೂಡಿಕೊಳ್ಳುವವರೆಗೆ ಅದಕ್ಕೆ ರಕ್ತ ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಭಾರತದಲ್ಲಿ ಬಹು ಹಿಂದೆಯೇ ಉತ್ತರ ಸಿಕ್ಕಿತ್ತು. ಕಡಿದುಹೋದ ಮೂಗಿನ ಅಳತೆಯನ್ನು ಎಲೆಯಲ್ಲಿ ತೆಗೆದು, ಅಷ್ಟೇ ಚರ್ಮವನ್ನು ಕೆನ್ನೆಯಿಂದ ಎಬ್ಬಿಸಿ, ಬುಡ ಬಿಡಿಸದೆ ಮೂಗಿನ ಮೇಲೆ ಕೂರಿಸುವ ಕ್ರಮ ಸುಶ್ರುತಸಂಹಿತೆಯಲ್ಲಿದೆ. ಉಸಿರಾಟಕ್ಕೆ ಹೊಳ್ಳೆಗಳಲ್ಲಿ ಎರಡು ನಳಿಕೆ ಇಡಬೇಕೆಂದೂ ಅದು ಹೇಳುತ್ತದೆ. ಮೂಗು ಕೊಯ್ಯುವುದು ಇಲ್ಲಿ ಶಿಕ್ಷೆಯೂ ಆಗಿತ್ತು, ವೈರಿಯನ್ನು ಅವಮಾನಿಸುವ ಯುದ್ಧಪದ್ಧತಿಯೂ ಆಗಿತ್ತು. 17ನೆಯ ಶತಮಾನದಲ್ಲಿ ಮೈಸೂರು ಮತ್ತು ಮಧುರೆಯ ಸೇನೆಗಳ ನಡುವೆ ನಡೆದ ಒಂದು ಕಾಳಗವನ್ನು ತಮಿಳುನಾಡಿನಲ್ಲಿ ಇಂದಿಗೂ ಮೂಗು ಕೊಯ್ದ ಯುದ್ಧವೆಂದೇ ನೆನೆಯುತ್ತಾರೆ. ಮೂಗು ಕಳೆದುಕೊಂಡವರು ಇರುವಷ್ಟು ಕಾಲ ಅದನ್ನು ಕಟ್ಟಿಕೊಡುವವರಿಗೂ ಕೆಲಸವಿತ್ತು.

ಈ ವಿದ್ಯೆ ಯೂರೋಪಿನ ವೈದ್ಯರ ಕಣ್ಣಿಗೆ ಬಿದ್ದದ್ದು ಮೂರನೆಯ ಮೈಸೂರು ಯುದ್ಧದ (1790–92) ಒಬ್ಬ ಗಾಯಾಳುವಿನಿಂದ. ಕಾವಸ್‌ಜಿ ಎಂಬ ಮರಾಠಾ ರೈತ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ. ಅಂದಿನ ಸೈನ್ಯಕ್ಕೆ ಎತ್ತುಗಳೇ ಆಧಾರ. 1791ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ ಕಾವಸ್‌ಜಿಯ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದು ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾದ ಪತ್ರ ತಿಳಿಸುತ್ತದೆ. ಇದು ಯುದ್ಧ ಮುಗಿದ ಹೊಸತರಲ್ಲಿ ಗೆದ್ದ ಪಕ್ಷದವರು ಬರೆದದ್ದು ಎಂಬುದನ್ನು ಓದುವಾಗ ಮರೆಯಬಾರದು. ಆದರೆ ಚಿಕಿತ್ಸೆಯ ವಿವರವನ್ನು ಕಣ್ಣಾರೆ ಕಂಡ ಇಬ್ಬರು ಇಂಗ್ಲಿಷ್ ವೈದ್ಯರಿದ್ದರು.

ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ ಕಾವಸ್‌ಜಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಹೊಸ ಮೂಗು ಮಾಡಿದ. ಮೊದಲು ತೆಳು ಮೇಣದ ಹಾಳೆಯನ್ನು ಮೂಗಿನ ಮೋಟಿನ ಮೇಲೆ ಒತ್ತಿ, ಒಪ್ಪುವ ಆಕಾರ ಬಂದಮೇಲೆ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟ. ಸುತ್ತ ಗೆರೆ ಎಳೆದು ಅಷ್ಟು ಚರ್ಮವನ್ನು ಬಿಡಿಸಿದ; ಎರಡು ಕಣ್ಣುಗಳ ನಡುವೆ ಮಾತ್ರ ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸಿದ. ಮೋಟಿನ ಹಳೆಯ ಕಲೆಯನ್ನು ಕೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಅಂಚನ್ನು ಅಲ್ಲಿ ಕೊಯ್ದಿದ್ದ ಸೀಳಿನೊಳಗೆ ಸೇರಿಸಿದ. ಹೊಲಿಗೆ ಹಾಕಲಿಲ್ಲ. ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ಚೂರುಗಳಿಗೆ ಬಳಿದು ಐದಾರು ಪದರ ಅಂಟಿಸಿದ, ಅಷ್ಟೆ. ನಾಲ್ಕು ದಿನ ಕಳೆದಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಮೆತ್ತನೆಯ ಬಟ್ಟೆ. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದ.

ಎಲ್ಲ ಗುಟ್ಟೂ ಆ ಪಟ್ಟಿಯಲ್ಲಿದೆ. ಹುಬ್ಬಿನ ಒಳತುದಿಯಿಂದ ಹಣೆಗೆ ಏರುವ ರಕ್ತನಾಳ ಅದರೊಳಗೆ ಹಾದುಹೋಗುತ್ತದೆ. ಕ್ಯಾನ್ಸರಿನಿಂದ ಮೂಗು ಹೋದವರಿಗೆ ಇಂದಿನ ಶಸ್ತ್ರವೈದ್ಯರು ಮಾಡುವ ಹಣೆಯ ಚರ್ಮದ ಚಿಕಿತ್ಸೆಯಲ್ಲೂ ಆಧಾರ ಇದೇ ನಾಳ, ಪಟ್ಟಿ ಬಿಡಿಸುವುದೂ ಸುಮಾರು ಮೂರು ವಾರಕ್ಕೆ. ಆ ಪತ್ರದಲ್ಲಿ ರೋಗಿಯ ಹೆಸರಿದೆ, ನೋಡಿದವರ ಹೆಸರಿದೆ, ಮೂಗು ಮಾಡಿದವನ ಹೆಸರು ಮಾತ್ರ ಇಲ್ಲ. ವೈದ್ಯಕೀಯದ ಚರಿತ್ರೆಗೆ ಇದು ದೊಡ್ಡ ನಷ್ಟ.

ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಈ ಕ್ರಮವನ್ನು ಹೆಣಗಳ ಮೇಲೆ ಮಾಡಿ ಕಲಿತು, 1814ರ ಅಕ್ಟೋಬರ್ 23ರಂದು ಒಬ್ಬ ಸೇನಾಧಿಕಾರಿಯ ಮೇಲೆ ನಡೆಸಿದ. ಎರಡನೆಯ ರೋಗಿ ಕ್ಯಾಪ್ಟನ್ ಲೇಥಮ್. 1811ರಲ್ಲಿ ಸ್ಪೇನಿನ ಆಲ್ಬುಯೆರಾ ಕಾಳಗದಲ್ಲಿ ರೆಜಿಮೆಂಟಿನ ಧ್ವಜವನ್ನು ಬಿಟ್ಟುಕೊಡದೆ ಹೋರಾಡಿ ಒಂದು ತೋಳನ್ನೂ ಮೂಗಿನ ಭಾಗವನ್ನೂ ಕಳೆದುಕೊಂಡಿದ್ದವನು. ಅರಿವಳಿಕೆ ಬರಲು ಇನ್ನೂ ಮೂವತ್ತು ವರ್ಷವಿತ್ತು. ಇಬ್ಬರೂ ಎಚ್ಚರವಾಗಿದ್ದೇ ನೋವು ಸಹಿಸಿದರು. ಕಾರ್ಪ್ಯೂ 1816ರಲ್ಲಿ ಪುಸ್ತಕ ಪ್ರಕಟಿಸಿದ, 1818ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಗ್ರೇಫೆಯ ಪುಸ್ತಕವೂ ಬಂತು.

ಮೊದಲನೆಯ ಮಹಾಯುದ್ಧದಲ್ಲಿ ಗಾಯದ ಸ್ವರೂಪವೇ ಬದಲಾಯಿತು. ಕಂದಕದಲ್ಲಿ ಮೈ ಮರೆಯಾಗುತ್ತಿತ್ತು, ಇಣುಕಿದ ತಲೆ ಗುರಿಯಾಗುತ್ತಿತ್ತು. ಸಿಡಿಗುಂಡಿನ ಚೂರು ಕತ್ತಿಯಂತೆ ಕತ್ತರಿಸದೆ ದವಡೆ, ಕೆನ್ನೆಗಳನ್ನೇ ಕಿತ್ತೊಯ್ಯುತ್ತಿತ್ತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಶಸ್ತ್ರವೈದ್ಯ ಹೆರಾಲ್ಡ್ ಗಿಲೀಸ್ ಇಂಗ್ಲೆಂಡಿನ ಆಲ್ಡರ್‌ಶಾಟ್‌ನಲ್ಲಿ ಮುಖದ ಗಾಯಗಳಿಗೇ ಒಂದು ವಾರ್ಡು ತೆರೆದರು. 1916ರ ಸೋಮ್ ಕದನಕ್ಕೆಂದು 200 ಹಾಸಿಗೆ ಹಾಕಿಸಿದ್ದರೆ ಬಂದವರು ಸುಮಾರು 2,000. ಮರುವರ್ಷ ಸಿಡ್‌ಕಪ್‌ನಲ್ಲಿ ಇದಕ್ಕಾಗಿಯೇ ಆಸ್ಪತ್ರೆ ಎದ್ದಿತು. ಅಲ್ಲಿ 5,000ಕ್ಕೂ ಹೆಚ್ಚು ಸೈನಿಕರಿಗೆ 11,000ಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳಾದವು.

ಕೆನ್ನೆಯಿಡೀ ಹೋದವನಿಗೆ ಹಣೆಯ ಚರ್ಮ ಸಾಲದು, ಎದೆಯಿಂದ ತರಬೇಕು. ಅಷ್ಟುದ್ದದ ಪಟ್ಟಿಯ ಒಳಮೈ ತೆರೆದೇ ಇದ್ದರೆ ಕೀವಾಗುತ್ತಿತ್ತು. ಪೆನಿಸಿಲಿನ್ ಇಲ್ಲದ ಕಾಲ. ಜಟ್ಲೆಂಡ್ ನೌಕಾಕದನದಲ್ಲಿ ಸುಟ್ಟಿದ್ದ ನಾವಿಕನೊಬ್ಬನ ಎದೆಯ ಚರ್ಮವನ್ನು 1917ರಲ್ಲಿ ಎಬ್ಬಿಸುವಾಗ ಅದರ ಅಂಚುಗಳು ತಾವಾಗಿ ಒಳಕ್ಕೆ ಸುರುಳುವುದನ್ನು ಗಿಲೀಸ್ ಗಮನಿಸಿದರು. ಅಂಚಿಗೆ ಅಂಚು ಸೇರಿಸಿ ಹೊಲಿದಾಗ ಪಟ್ಟಿ ಕೊಳವೆಯಾಯಿತು. ಹಸಿ ಭಾಗ ಒಳಗೆ ಮುಚ್ಚಿಹೋಯಿತು, ರಕ್ತ ಹರಿಯುತ್ತಲೇ ಇತ್ತು. ಒಡೆಸ್ಸಾದ ವೈದ್ಯ ಫಿಲಾಟೋವ್ ಕೂಡ ಇದೇ ಉಪಾಯವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು. ಮೂಗು, ಬಾಯಿಗಳ ಮೇಲೇ ಕೆಲಸ ನಡೆಯುವಾಗ ಮುಖಕ್ಕೆ ಈಥರ್ ಹಿಡಿಯಲು ಜಾಗವಿಲ್ಲ. ಈ ತೊಡಕಿನಿಂದಲೇ ಸಿಡ್‌ಕಪ್‌ನ ಅರಿವಳಿಕೆ ವೈದ್ಯರಾದ ಮ್ಯಾಗಿಲ್ ಮತ್ತು ರೋಬೋಥಮ್ ಶ್ವಾಸನಾಳಕ್ಕೆ ನಳಿಕೆ ಇಳಿಸಿ ಅರಿವಳಿಕೆ ಕೊಡುವ ಕ್ರಮವನ್ನು ಬೆಳೆಸಿದರು. ಇಂದು ಯಾವ ದೊಡ್ಡ ಆಪರೇಷನ್ ಆದರೂ ಅದರ ಉಪಕಾರ ಪಡೆಯುತ್ತಿದೆ.

ಚರ್ಮ ಕೂಡಿಕೊಂಡ ಮಾತ್ರಕ್ಕೆ ಗಾಯಾಳುವಿನ ಕಷ್ಟ ತೀರುತ್ತಿರಲಿಲ್ಲ. ವಾರ್ಡುಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಫಲಿಸದವರಿಗೆ ಶಿಲ್ಪಿಗಳು ಲೋಹದ ಮುಖವಾಡ ಮಾಡಿಕೊಟ್ಟರು. ತೀರ ಕೆಟ್ಟ ಮುಖವಿದ್ದವರಿಗೆ ಬ್ರಿಟನ್ನಿನಲ್ಲಿ ಎರಡು ಕೈಕಾಲು ಹೋದವರಷ್ಟೇ ಪೂರ್ಣ ಪಿಂಚಣಿ ಇತ್ತು. ಫ್ರಾನ್ಸಿನಲ್ಲಿ ಇಂಥವರು 1921ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು.

ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಇಂಧನ ಹೊತ್ತಿ ಸುಟ್ಟ ಪೈಲಟ್‌ಗಳನ್ನು ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ನೋಡಿಕೊಂಡವರು ಗಿಲೀಸರ ಬಂಧು, ಶಸ್ತ್ರವೈದ್ಯ ಆರ್ಚಿಬಾಲ್ಡ್ ಮೆಕ್‌ಇಂಡೋ. ಸಮುದ್ರಕ್ಕೆ ಬಿದ್ದವರ ಸುಟ್ಟಗಾಯ ಬೇಗ ಮಾಗುವುದನ್ನು ಕಂಡು, ಟ್ಯಾನಿಕ್ ಆಮ್ಲದ ಲೇಪ ನಿಲ್ಲಿಸಿ ಉಪ್ಪುನೀರಿನ ಸ್ನಾನ ಮಾಡಿಸಿದರು. ಆಸ್ಪತ್ರೆಯ ನೀಲಿ ಬಟ್ಟೆ ಬಿಡಿಸಿ ರೋಗಿಗಳಿಗೆ ಅವರ ಸಮವಸ್ತ್ರ ತೊಡಲು ಬಿಟ್ಟರು, ಇವರನ್ನು ಮನೆಗೆ ಕರೆಯಿರಿ ಎಂದು ಊರವರಲ್ಲಿ ಕೇಳಿಕೊಂಡರು. ಅವರನ್ನು ಅಲ್ಲಿನ ಹೋಟೆಲು, ಸಿನಿಮಾ ಮಂದಿರಗಳಲ್ಲಿ ಯಾರೂ ದಿಟ್ಟಿಸಿ ನೋಡದಂತಾದದ್ದು ಶಸ್ತ್ರವಿದ್ಯೆಯಷ್ಟೇ ದೊಡ್ಡ ಸಾಧನೆ. ಆ ರೋಗಿಗಳು 1941ರಲ್ಲಿ ಕಟ್ಟಿಕೊಂಡ ‘ಗಿನಿ ಪಿಗ್ ಕ್ಲಬ್’ನಲ್ಲಿ ಯುದ್ಧ ಮುಗಿಯುವ ಹೊತ್ತಿಗೆ 649 ಸದಸ್ಯರಿದ್ದರು. ಅವರ ವಾರ್ಷಿಕ ಕೂಟ 2007ರವರೆಗೂ ನಡೆಯಿತು.