ಅರಳುಮರಳಿಗೂ ಒಂದು ಆಸರೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಉಂಡು ಕೈತೊಳೆದ ಮೇಲೂ ‘ನನಗೆ ಊಟ ಹಾಕಲಿಲ್ಲ’ ಎಂದು ನೆರೆಯವರಿಗೆ ದೂರು ಹೇಳುವ ಅತ್ತೆ, ಹೆತ್ತ ಮಗಳನ್ನೇ ‘ನೀನ್ಯಾರಮ್ಮ?’ ಎಂದು ಕೇಳುವ ತಾಯಿ, ಇವರನ್ನೆಲ್ಲ ಆ ಒಂದು ಮಾತಿನೊಳಗೆ ಮುಚ್ಚಿಟ್ಟು, ಸೊಸೆಯೋ ಮಗಳೋ ಬಾಯಿಬಿಡದೆ ದುಡಿಯುವುದು ನಮ್ಮ ಮನೆಗಳ ರೀತಿ. ಇದು ಮುಪ್ಪಿನ ಸಹಜ ಗುಣವಲ್ಲ, ಮಿದುಳಿನ ಕಾಯಿಲೆ. ಕೊನೆಗೆ ಪ್ರಾಣವನ್ನೂ ತೆಗೆಯುವಂಥದು. ಇಷ್ಟನ್ನು ಅರಿಯಲು ಲೋಕಕ್ಕೆ ಬಹಳ ಕಾಲ ಹಿಡಿಯಿತು.

1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ ಗೃಹಿಣಿಯನ್ನು ಸೇರಿಸಿದರು. ವಯಸ್ಸು ಬರೀ 51. ಡಾಕ್ಟರ್ ಅಲೋಯಿಸ್ ಆಲ್ಜೈಮರ್ ಹೆಸರು ಕೇಳಿದರೆ ಆಗುಸ್ಟೆ ಎಂದಳು. ಗಂಡನ ಹೆಸರು ಕೇಳಿದರೂ ಆಗುಸ್ಟೆ ಎಂದೇ ಹೇಳಿದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅವಳ ಮಿದುಳನ್ನು ಪರೀಕ್ಷಿಸಿ ಅವರು ಕಂಡದ್ದು ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿತು. 1910ರಲ್ಲಿ ಕಾಯಿಲೆಗೆ ಅವರದೇ ಹೆಸರು ಬಂತು. ಆದರೆ ಆ ತಾಯಿ ಸತ್ತದ್ದು ಮಲಗಿ ಮಲಗಿ ಆದ ಹುಣ್ಣಿನ ನಂಜು ಮೈಗೇರಿ. ಮಿದುಳಿನ ಸಂಗತಿ ಪುಸ್ತಕ ಸೇರಿತು. ಆ ಹುಣ್ಣನ್ನು ನೆನೆಯುವವರು ಕಡಿಮೆ.

ವಾಸಿಯಾಗದ ರೋಗಿಗೂ ಆರೈಕೆ ಉಂಟು ಎಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿದ್ದ ಅವರು ಮೂವತ್ತು ದಾಟಿದ ಮೇಲೆ ವೈದ್ಯಶಾಸ್ತ್ರ ಓದಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವು ಮರುಕಳಿಸುವ ಮೊದಲೇ ಹೊತ್ತುಹೊತ್ತಿಗೆ ಔಷಧಿ ಕೊಡುವುದು, ರೋಗಿಯ ಜೊತೆ ಮನೆಯವರ ಸಂಕಟವನ್ನೂ ವಿಚಾರಿಸುವುದು ಅಲ್ಲಿಯ ಪದ್ಧತಿ.

ಆದರೆ ಹಾಸ್ಪೈಸ್ ಹುಟ್ಟಿದ್ದು ಮುಖ್ಯವಾಗಿ ಕ್ಯಾನ್ಸರ್ ರೋಗಿಗಳಿಗಾಗಿ. ಅಮೆರಿಕದಲ್ಲಿ 1982ರ ಕಾನೂನು ಈ ಆರೈಕೆಗೆ ಸರ್ಕಾರಿ ವಿಮೆಯ ಹಣ ಒದಗಿಸಿತು. ರೋಗಿಗೆ ಉಳಿದಿರುವುದು ಆರು ತಿಂಗಳು ಎಂದು ಡಾಕ್ಟರು ಬರೆದುಕೊಡಬೇಕೆಂದೂ ಹೇಳಿತು. ಮರೆವಿನ ಕಾಯಿಲೆ ಇಂಥ ಲೆಕ್ಕಕ್ಕೆ ಸಿಗುವುದೆ? ವರ್ಷಗಟ್ಟಲೆ ಇಂಚಿಂಚಾಗಿ ಇಳಿಯುವ ಜೀವ ಅದು. ಹೀಗಾಗಿ ಹಾಸ್ಪೈಸಿನ ಬಾಗಿಲು ಇವರಿಗೆ ತೆರೆದದ್ದು ತಡವಾಗಿ.

ತೆರೆದ ಮೇಲೆ ಕಲಿತದ್ದೂ ಬಹಳ. ಕೊನೆಯ ಹಂತದಲ್ಲಿ ನುಂಗಲಾರದವರಿಗೆ ನಳಿಕೆ ಹಾಕಿದರೆ ಆಯುಸ್ಸು ಹೆಚ್ಚುವುದೆಂಬುದಕ್ಕೆ ಆಧಾರವಿಲ್ಲ ಎಂದು 1999ರಲ್ಲಿ ಅಮೆರಿಕದ ವೈದ್ಯರು ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಬರೆದರು. ತಲೆ ಎತ್ತಿ ಕೂರಿಸಿ, ಅವಸರ ಮಾಡದೆ, ಹಿಡಿಸಿದಷ್ಟನ್ನು ಕೈಯಾರೆ ತಿನ್ನಿಸುವುದೇ ಲೇಸು. 2003ರಲ್ಲಿ, ಬಾಯಿ ಬಿಟ್ಟು ಹೇಳಲಾರದವರ ನೋವನ್ನು ಉಸಿರು, ನರಳಿಕೆ, ಮುಖ, ಮೈ ಬಿಗಿತ, ಸಮಾಧಾನಕ್ಕೆ ಒಗ್ಗುತ್ತಾರೋ ಇಲ್ಲವೋ, ಈ ಐದರಿಂದ ಗುರುತಿಸುವ ಕ್ರಮ ಬಂತು. ಎಳೆಗೂಸನ್ನು ಸಾಕಿದ ಯಾವ ಹೆಂಗಸಿಗೆ ಈ ಓದು ಬಾರದು? ಮುದುಕಿಯ ಮುಖವನ್ನೂ ಹಾಗೇ ಓದಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನ, 1999ರಲ್ಲಿ ಬೆಂಗಳೂರಿನ ಕರುಣಾಶ್ರಯ ಬಂದವು. ಎರಡೂ ಕ್ಯಾನ್ಸರ್ ರೋಗಿಗಳಿಗಾಗಿಯೇ. ಮರೆವಿನ ಕಾಯಿಲೆಯವರ ಪರವಾಗಿ 1992ರಲ್ಲಿ ಕೇರಳದಲ್ಲಿ ಒಂದು ಸಂಘ ಹುಟ್ಟಿತು. ಅದೇ ಕೇರಳದ ಕಲ್ಲಿಕೋಟೆಯಲ್ಲಿ 1993ರಲ್ಲಿ ಶುರುವಾದ ನೋವು ಶಮನದ ಕೆಲಸ, ಮುಂದೆ ನೆರೆಹೊರೆಯ ಸ್ವಯಂಸೇವಕರೇ ಹಾಸಿಗೆ ಹಿಡಿದವರ ಮನೆಗೆ ಹೋಗಿ ನೋಡುವ ಪದ್ಧತಿಯಾಗಿ ಬೆಳೆಯಿತು. ನಮ್ಮಂಥ ಊರುಗಳಿಗೆ ಒಪ್ಪುವುದು ಇದೇ ಎಂದು ನನಗೆ ತೋರುತ್ತದೆ. ದೊಡ್ಡ ಕಟ್ಟಡ ಎಲ್ಲ ಊರಿಗೂ ಬಾರದು. ಎರಡು ಗಂಟೆ ಬಂದು ಕೂರುವ ನೆರೆಯವಳು ಬರಬಹುದು.

ಹಾಸ್ಪೈಸಿನ ದೃಷ್ಟಿಯಲ್ಲಿ ಆರೈಕೆ ಮಾಡುವವಳೂ ಆರೈಕೆಗೆ ಅರ್ಹಳು. ಅಂಥ ಮನೆಗೆ ಹೋದಾಗ ‘ಅಜ್ಜಿ ಹೇಗಿದ್ದಾರೆ?’ ಎಂದು ಎಲ್ಲರೂ ಕೇಳುತ್ತಾರೆ. ‘ರಾತ್ರಿ ನಿನಗೆ ನಿದ್ದೆ ಬಂತೇನಮ್ಮ? ಇವತ್ತು ನಾನು ಕೂರುತ್ತೇನೆ, ನೀನು ಮಲಗು’ ಎನ್ನುವವರೂ ಒಬ್ಬರು ಬೇಕು.