ಹವ್ಯಾಸಿಗಳು ಉಳಿಸಿದ ಉಗಿಬಂಡಿ

ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಉಗಿ ಎಂಜಿನ್‌ಗಳನ್ನು ನೋಡಿ ಅವುಗಳ ರಚನೆಯನ್ನು ತಿಳಿಯಬಹುದು. ಆದರೆ ಎಂಜಿನ್ನನ್ನು ಓಡಿಸುವ ವಿದ್ಯೆ ಓಡಿಸುತ್ತಿದ್ದರೆ ಮಾತ್ರ ಉಳಿಯುತ್ತದೆ. ಸಂಬಳವಿಲ್ಲದ ಸ್ವಯಂಸೇವಕರು ಒಂದು ರೈಲ್ವೆಯನ್ನೇ ವಹಿಸಿಕೊಂಡು ಈ ಕೆಲಸಕ್ಕೆ ತೊಡಗಿದ್ದು ಮೊದಲಿಗೆ ಬ್ರಿಟನ್ನಿನ ವೇಲ್ಸ್‌ನಲ್ಲಿ, 1951ರಲ್ಲಿ.

ವೇಲ್ಸ್‌ನ ತಾಲಿಲಿನ್ ರೈಲ್ವೆಯನ್ನು 1860ರ ದಶಕದಲ್ಲಿ ಸ್ಲೇಟು ಕಲ್ಲಿನ ಸಾಗಣೆಗಾಗಿ ಹಾಕಲಾಯಿತು. ಹಳಿಗಳ ನಡುವಣ ಅಂತರ ಕೇವಲ 2 ಅಡಿ 3 ಅಂಗುಲ. ಕಲ್ಲಿನ ಗಣಿ 1946ರಲ್ಲಿ ಮುಚ್ಚಿತು. ರೈಲ್ವೆಯ ಒಡೆಯ ಸರ್ ಹೆನ್ರಿ ಹೇಡನ್ ಜೋನ್ಸ್ 1950ರಲ್ಲಿ ತೀರಿಕೊಂಡರು. ಅದೇ ವರ್ಷ ಎಂಜಿನಿಯರ್ ಹಾಗೂ ಲೇಖಕ ಎಲ್.ಟಿ.ಸಿ. ರೋಲ್ಟ್ ಮತ್ತು ಅವರ ಗೆಳೆಯರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಸೇರಿ ಸಂರಕ್ಷಣಾ ಸಂಘಕ್ಕೆ ನಾಂದಿ ಹಾಡಿದರು. 1951ರ ಮೇ 14ರಂದು ಸಂಘದ ಮೊದಲ ರೈಲು ಓಡಿತು. ಆಗ ಓಡಬಲ್ಲ ಎಂಜಿನ್ ಇದ್ದದ್ದು ಒಂದೇ. ಅದು 1866ರಲ್ಲಿ ತಯಾರಾಗಿ ಬಹಳ ಸವೆದಿದ್ದ 'ಡೊಲ್ಗೋಖ್'.

ನೆರೆಯ ಕೊರಿಸ್ ರೈಲ್ವೆ ಅಷ್ಟರಲ್ಲಿ ಮುಚ್ಚಿತ್ತು. ಅಲ್ಲಿನ ಹಳಿಗಳ ಅಂತರವೂ ಇಷ್ಟೇ ಇದ್ದುದರಿಂದ ಸಂಘವು ಅದರ ಎರಡು ಎಂಜಿನ್‌ಗಳನ್ನು ಕೊಂಡಿತು. ಅವುಗಳಲ್ಲಿ ಒಂದನ್ನು ಓಡಿಸಿದಾಗ ಚಕ್ರಗಳು ಹಳಿಗಳ ನಡುವೆ ಕುಸಿದವು! ಕಾರಣ ಸರಳ. ಹಳಿಗಳ ನಡುವಣ ಅಂತರ ಇರಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ತಾಲಿಲಿನ್ನಿನ ಹಳೆಯ ಎಂಜಿನ್‌ಗಳ ಚಕ್ರದ ಪಟ್ಟಿ ಅಗಲವಾಗಿದ್ದು, ಅಗಲಿದ ಹಳಿಯ ಮೇಲೂ ನಿಲ್ಲುತ್ತಿತ್ತು. ಕೊರಿಸ್ ಎಂಜಿನ್ನಿನ ಪಟ್ಟಿ ಕಿರಿದು. ಎಂಜಿನ್ ದೊರೆತರೆ ಸಾಲದು, ಮೊದಲು ಹಳಿ ಸರಿಯಾಗಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. ಹಾಗಾಗಿ ಸ್ಲೀಪರ್ ಬದಲಿಸುವುದು, ಹಳಿಗಳ ಅಂತರ ಸರಿಪಡಿಸುವುದು ಹವ್ಯಾಸಿಗಳ ಮುಖ್ಯ ದುಡಿಮೆಯಾಯಿತು.

ಉಗಿಬಂಡಿಯ ಕೆಲಸ ರೈಲು ಹೊರಡುವ ಎಷ್ಟೋ ಗಂಟೆ ಮೊದಲೇ ಆರಂಭವಾಗುತ್ತದೆ. ಬಾಯ್ಲರನ್ನು ಅವಸರದಿಂದ ಕಾಯಿಸಿದರೆ ಅದರ ಭಾಗಗಳು ಅಸಮವಾಗಿ ಹಿಗ್ಗಿ, ಕೊಳವೆಗಳ ಸಂದುಗಳು ಸೋರುತ್ತವೆ. ಆದ್ದರಿಂದ ಬೆಂಕಿಯನ್ನು ನಿಧಾನವಾಗಿ ಬೆಳೆಸಬೇಕು. ವಾಯುಮಂಡಲದ ಸುಮಾರು ಹತ್ತು ಪಟ್ಟು ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಂಕಿಗೂಡಿನ ಮೇಲ್ಛಾವಣಿಯನ್ನು ನೀರು ಸದಾ ಮುಚ್ಚಿದ್ದರೆ ಲೋಹದ ತಾಪ ಇದಕ್ಕಿಂತ ತೀರಾ ಹೆಚ್ಚು ಏರದು. ನೀರು ತಗ್ಗಿದರೆ ಲೋಹ ಮೆದುವಾಗಿ ಬಾಯ್ಲರ್ ಸಿಡಿಯಬಹುದು. ಇದನ್ನು ತಡೆಯಲು ಛಾವಣಿಯಲ್ಲಿ ಸೀಸ ತುಂಬಿದ ಬಿರಡೆ ಇರುತ್ತದೆ. ಸೀಸ 327 ಡಿಗ್ರಿಯಲ್ಲಿ ಕರಗುತ್ತದೆ. ಆಗ ಉಗಿ ಬೆಂಕಿಗೂಡಿಗೆ ನುಗ್ಗಿ ಅಪಾಯವನ್ನು ಸೂಚಿಸುತ್ತದೆ.

ಇಷ್ಟನ್ನು ಪುಸ್ತಕದಿಂದ ಕಲಿಯಬಹುದು. ಆದರೆ ಮುಂದಿನ ಏರಿಗೆ ಎಷ್ಟು ಕಲ್ಲಿದ್ದಲು ಬೇಕು, ಯಾವಾಗ ನೀರು ಬಿಡಬೇಕು ಎಂಬುದು ಅನುಭವಿಗಳ ಪಕ್ಕದಲ್ಲಿ ನಿಂತೇ ಬರಬೇಕು. ಎಂಜಿನ್ ಒರೆಸುವುದರಿಂದ ಆರಂಭಿಸಿ, ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಆಗಿ, ಕೊನೆಗೆ ಚಾಲಕನಾಗುವುದು ಸಾಮಾನ್ಯ ಕ್ರಮ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ.

1945ರಿಂದ ಮೂಲೆ ಸೇರಿದ್ದ 'ತಾಲಿಲಿನ್' ಎಂಜಿನ್ 1958ರಲ್ಲಿ ಪುನರ್ನಿರ್ಮಾಣಗೊಂಡು ಕೆಲಸಕ್ಕೆ ಮರಳಿತು. 1976ರಲ್ಲಿ ಮಾರ್ಗವನ್ನು ನಂಟ್ ಗ್ವೆರ್ನೋಲ್‌ವರೆಗೆ ವಿಸ್ತರಿಸಲಾಯಿತು.

ಉಗಿ ಎಂಜಿನ್ನಿನ ದಕ್ಷತೆ ಸಾಮಾನ್ಯವಾಗಿ ಶೇಕಡಾ 10ಕ್ಕಿಂತ ಕಡಿಮೆ. ಅದು ಮತ್ತೆ ಮುಖ್ಯ ಮಾರ್ಗಗಳನ್ನು ಆಳುವುದಿಲ್ಲ. ಆದರೂ ಉಷ್ಣ ಹೇಗೆ ಚಲನೆಯಾಗುತ್ತದೆಂದು ಕಣ್ಣಾರೆ ತೋರಿಸುವ ಯಂತ್ರಗಳಲ್ಲಿ ಇದಕ್ಕೆ ಸಾಟಿ ವಿರಳ. ಅದನ್ನು ಓಡಿಸಬಲ್ಲ ಕೊನೆಯ ಕೈ ಮರೆಯಾಗುವ ಮುನ್ನವೇ ಇನ್ನೊಂದು ಕೈ ಕಲಿತಿರಬೇಕು. ತಾಲಿಲಿನ್ನಿನ ಹವ್ಯಾಸಿಗಳು ಉಳಿಸಿದ್ದು ಈ ಕಲಿಕೆಯ ಸರಪಳಿಯನ್ನು.