ಕಾಕಿನಾಡದಿಂದ ಬಲೂಚಿಸ್ತಾನಕ್ಕೆ ಹೋದ ಮಳೆ

ನಮ್ಮ ಶಹಾಬಾದದಿಂದ ಸಮುದ್ರ ಬಲು ದೂರ. ಆದರೂ ಜೂನ್ ತಿಂಗಳಲ್ಲಿ ಬಂಗಾಳ ಕೊಲ್ಲಿ ಕದಡಿತೆಂದರೆ ಇಲ್ಲಿಯ ರೈತನಿಗೆ ಚಿಂತೆ: ತೊಗರಿ ಬಿತ್ತಬೇಕೋ, ತಡೆಯಬೇಕೋ? ಫರಸಿ ಕಲ್ಲಿನ ಖಣಿಯಲ್ಲಿ ನೀರು ನಿಂತರೆ ಕೂಲಿಯೂ ನಿಲ್ಲುತ್ತದೆ.

2007ರ ಜೂನ್ 21ರಂದು ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಯಿತು. ಗಾಳಿ ಗಂಟೆಗೆ 31 ಕಿ.ಮೀ. ಇದ್ದರೆ ಕುಸಿತ, 50 ಆದರೆ ತೀವ್ರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಇದು ಹವಾಮಾನ ಇಲಾಖೆಯ ಲೆಕ್ಕ. ಅದು ಎರಡನೆಯ ಮೆಟ್ಟಿಲಿನಲ್ಲಿದ್ದಾಗಲೇ 22ರ ಬೆಳಿಗ್ಗೆ ಕಾಕಿನಾಡದ ಬಳಿ ನೆಲ ಹತ್ತಿತು. ಮುಂಗಾರಿನಲ್ಲಿ ಇಂಥವು ಬೆಳೆಯುವ ಸಂಭವ ಕಡಿಮೆ. ಏಕೆಂದರೆ ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ ಗಾಳಿ ಬೀಸಿ ಸುಳಿಯ ತಲೆಯನ್ನು ಬುಡದಿಂದ ಸರಿಸಿಬಿಡುತ್ತವೆ. ನೆಲಕ್ಕೆ ಬಂದ ಮೇಲಂತೂ ಸಮುದ್ರದ ಬಿಸಿನೀರೂ ಸಿಗದು.

ಅದು ಕುಗ್ಗಿತು, ಆದರೆ ಸಾಯಲಿಲ್ಲ. ದಖ್ಖನ್ ದಾಟಿ ಅರಬ್ಬೀ ಸಮುದ್ರ ಸೇರಿ ಮತ್ತೆ ಬಲಿತು, 26ರಂದು ಬಲೂಚಿಸ್ತಾನದ ಕರಾವಳಿಗೆ ಅಪ್ಪಳಿಸಿತು. ಪಾಕಿಸ್ತಾನದಲ್ಲಿ ನೂರಾರು ಜನ ತೀರಿಕೊಂಡರು. ಅಲ್ಲಿ ಅದಕ್ಕೆ ಯೆಮಿನ್ ಚಂಡಮಾರುತವೆಂದು ಹೆಸರು; ನಮ್ಮ ಇಲಾಖೆ ಮಾತ್ರ ತೀವ್ರ ಕುಸಿತವೆಂದೇ ಬರೆದುಕೊಂಡಿತು. ನನ್ನ ಮಟ್ಟಿಗೆ, ಹೆಸರಿನ ಈ ವ್ಯತ್ಯಾಸ ಮನೆ ಮುಳುಗಿದವರಿಗೆ ದೊಡ್ಡದಲ್ಲ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ ನಾವೂ ನಿಜಾಮರ ರಾಜ್ಯದವರೇ. ಆ ಮಳೆಯೂ ಕೊಲ್ಲಿಯಿಂದಲೇ ಬಂದಿತ್ತು. 2020ರ ಅಕ್ಟೋಬರ್ 13ರಂದು ಮತ್ತೆ ಕಾಕಿನಾಡದ ಬಳಿಯೇ ನೆಲ ಹತ್ತಿದ ಕುಸಿತ ನಮ್ಮ ಕಾಗಿಣಾ ನದಿಯನ್ನೂ ಭೀಮೆಯನ್ನೂ ಉಕ್ಕಿಸಿತು. ಅದೂ ಚಂಡಮಾರುತವಾಗಿರಲಿಲ್ಲ.